ಅಂಡದೊಳಗಣ ಅಂಗವಿನ್ಯಾಸ

ಗರ್ಭದಲ್ಲಿ ಶಿಶುವಿನ ಯಾವ ಅಂಗವು ಮೊದಲು ಮೂಡುತ್ತದೆ ಎಂಬ ಪ್ರಶ್ನೆಯನ್ನೆತ್ತಿಕೊಂಡು ಸುಶ್ರುತಸಂಹಿತೆಯ ಶಾರೀರಸ್ಥಾನವು ಪ್ರಾಚೀನ ಆಚಾರ್ಯರ ಮತಗಳನ್ನು ಒಂದೊಂದಾಗಿ ಮುಂದಿಡುತ್ತದೆ. ಇಂದ್ರಿಯಗಳಿಗೆಲ್ಲ ಮೂಲವಾದ ಶಿರಸ್ಸೇ ಮೊದಲೆಂದು ಶೌನಕನು ಹೇಳಿದನು; ಬುದ್ಧಿಗೂ ಮನಸ್ಸಿಗೂ ನೆಲೆಯಾದ ಹೃದಯವೆಂದು ಕೃತವೀರ್ಯನು; ನಾಭಿಯೆಂದು ಪಾರಾಶರ್ಯನು; ಚಲನೆಗೆ ಕಾರಣವಾದ ಕೈಕಾಲುಗಳೆಂದು ಮಾರ್ಕಂಡೇಯನು; ಉಳಿದ ಅಂಗಗಳಿಗೆಲ್ಲ ಆಶ್ರಯವಾದ ಮಧ್ಯಶರೀರವೆಂದು ಸುಭೂತಿ ಗೌತಮನು. ಇವಾವುದೂ ಸರಿಯಲ್ಲ, ಅಂಗಗಳೆಲ್ಲವೂ ಏಕಕಾಲದಲ್ಲಿಯೇ ಹುಟ್ಟುತ್ತವೆ, ಎಳೆಯ ಮಾವಿನಕಾಯಿಯಲ್ಲಿ ನಾರೂ ತಿರುಳೂ ವಾಟೆಯೂ ಇದ್ದರೂ ತೋರದಿರುವಂತೆ ಅವು ಸೂಕ್ಷ್ಮತೆಯ ಕಾರಣದಿಂದ ಕಾಣಿಸವು, ಎಂಬುದು ಧನ್ವಂತರಿಯ ನಿರ್ಣಯ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇಷ್ಟೊಂದು ಪಕ್ಷಗಳನ್ನು ಎದುರುಬದುರಾಗಿ ನಿಲ್ಲಿಸಿ ಪ್ರಶ್ನೆಯನ್ನು ವಿಮರ್ಶಿಸಿದ ಆ ವಿದ್ವತ್ಸಭೆಯ ಬಗೆಗೆ ನನಗೆ ಅಪಾರವಾದ ಗೌರವವಿದೆ. ಆದರೆ 1759ರಲ್ಲಿ ಕಾಸ್ಪರ್ ಫ್ರೀಡ್ರಿಕ್ ವೂಲ್ಫ್ ಎಂಬ ಜರ್ಮನ್ ವಿದ್ವಾಂಸನು ಕೋಳಿಯ ಮೊಟ್ಟೆಗಳನ್ನು ಪರೀಕ್ಷಿಸಿ, ಅಂಗಗಳು ಮೊದಲೇ ಸಿದ್ಧವಾಗಿ ಅಡಗಿರುವುವಲ್ಲ, ರೂಪವಿಲ್ಲದ ದ್ರವ್ಯದಿಂದ ಒಂದಾದಮೇಲೊಂದರಂತೆ ಹೊಸದಾಗಿ ರೂಪುಗೊಳ್ಳುವುವು ಎಂದು ವಾದಿಸಿದನು. ಮುಂದೆ ಬಂದ ಭ್ರೂಣಶಾಸ್ತ್ರವು ಈ ಮತವನ್ನೇ ಎತ್ತಿಹಿಡಿಯಿತು. ಹಾಗೆ ಎತ್ತಿಹಿಡಿದೊಡನೆಯೇ ಇನ್ನೂ ಕಠಿನವಾದ ಪ್ರಶ್ನೆಯೊಂದು ಹುಟ್ಟಿಕೊಂಡಿತು. ಇಲ್ಲದ ಅಂಗವು ಇದ್ದಂತಾಗುವುದು ಯಾರ ಆಜ್ಞೆಯಿಂದ? ತಲೆಯಿರಬೇಕಾದಲ್ಲಿ ತಲೆಯೂ ಕಾಲಿರಬೇಕಾದಲ್ಲಿ ಕಾಲೂ ಪ್ರತಿಯೊಂದು ಪೀಳಿಗೆಯಲ್ಲಿಯೂ ತಪ್ಪದೆ ಮೂಡುವುದೆಂತು?

ಆಜ್ಞೆಯು ವಂಶವಾಹಿಗಳಿಂದ, ಎಂದರೆ ಜೀನುಗಳಿಂದ, ಹೊರಡುತ್ತದೆಯೆಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಈ ಉತ್ತರವನ್ನು ಸ್ವಲ್ಪ ಒತ್ತಿ ನೋಡಿದರೆ ಅದರಲ್ಲಿಯೂ ಒಂದು ತೊಡಕು ಕಾಣುತ್ತದೆ. ಫಲಿತವಾದ ಅಂಡವು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಹೋಗುವಾಗ ಪ್ರತಿಯೊಂದು ಕೋಶಕ್ಕೂ ಜೀನುಗಳ ಸಮಗ್ರ ಭಂಡಾರವೇ ದೊರೆಯುತ್ತದೆ. ಮನುಷ್ಯನಲ್ಲಿ ಸುಮಾರು 20,000ದಷ್ಟಿರುವ ಪ್ರೋಟೀನ್‌ ರಚನೆಯ ಜೀನುಗಳೆಲ್ಲವೂ, ಕೆಲವೇ ಅಪವಾದಗಳನ್ನು ಬಿಟ್ಟರೆ, ಕಣ್ಣಿನ ಕೋಶದಲ್ಲಿಯೂ ಇವೆ, ಕರುಳಿನ ಕೋಶದಲ್ಲಿಯೂ ಇವೆ. ಕಾಡುಬಸಳೆಯ ಎಲೆಯೊಂದನ್ನು ಕಿತ್ತು ತೇವದ ಮಣ್ಣಿನ ಮೇಲೆ ಬಿಟ್ಟರೆ ಅದರ ಅಂಚಿನ ಕಚ್ಚುಗಳಲ್ಲಿ ಬೇರು, ಕಾಂಡ, ಎಲೆಗಳುಳ್ಳ ಪುಟ್ಟ ಗಿಡಗಳು ಸಾಲಾಗಿ ಎದ್ದು ನಿಲ್ಲುವುದನ್ನು ನಮ್ಮಲ್ಲಿ ನೋಡದವರು ವಿರಳ. ಎಲೆಯಾಗಿದ್ದ ಭಾಗದಲ್ಲಿ ಇಡೀ ಗಿಡದ ಶಕ್ತಿಯು ಹುದುಗಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಪ್ರಾಣಿಗಳ ವಿಷಯದಲ್ಲಿ ಈ ಮಾತನ್ನು ಸಿದ್ಧಪಡಿಸಿದವನು ಆಕ್ಸ್‌ಫರ್ಡಿನ ಜಾನ್ ಗರ್ಡನ್. ಆಫ್ರಿಕದ ಉಗುರುಗಪ್ಪೆಯ ಗೊದಮೊಟ್ಟೆಯ ಕರುಳಿನಿಂದ ಕೋಶಕೇಂದ್ರವನ್ನು ತೆಗೆದು, ತನ್ನ ಕೇಂದ್ರವನ್ನು ನಾಶಗೊಳಿಸಿದ್ದ ಅಂಡದೊಳಗೆ ಅದನ್ನು ಸೇರಿಸಿದಾಗ, ಹಲವು ಅಂಡಗಳು ಕೆಟ್ಟುಹೋದರೂ ಕೆಲವು ಈಜಾಡುವ ಗೊದಮೊಟ್ಟೆಗಳಾದವು, ಕೆಲವಂತೂ ಪೂರ್ಣ ಕಪ್ಪೆಗಳಾಗಿಯೇ ಬೆಳೆದವು. 1962ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ನೊಬೆಲ್ ಪಾರಿತೋಷಕವು ದೊರೆತುದು ಅರ್ಧ ಶತಮಾನದ ತರುವಾಯ, 2012ರಲ್ಲಿ. ಕರುಳಾಗಿ ದುಡಿಯುತ್ತಿದ್ದ ಕೋಶವು ಕಪ್ಪೆಯ ಕಣ್ಣನ್ನೂ ಚರ್ಮವನ್ನೂ ಕಟ್ಟುವ ಜೀನುಗಳನ್ನು ಕಳೆದುಕೊಂಡಿರಲಿಲ್ಲ, ಅವುಗಳನ್ನು ಬಳಸದೆ ಸುಮ್ಮನಿದ್ದಿತು, ಅಷ್ಟೆ.

ಎಲ್ಲ ಕೋಶಗಳಲ್ಲಿಯೂ ಒಂದೇ ಜೀನುಗಳಿರುವಾಗ ಕೋಶಗಳು ಭಿನ್ನವಾಗುವುದು ಜೀನುಗಳು ಎಚ್ಚರಗೊಳ್ಳುವ ಸ್ಥಳ, ಕಾಲ ಮತ್ತು ಪ್ರಮಾಣಗಳಿಂದಲೇ ಆಗಬೇಕು. ಜೀನು ಎಚ್ಚರಗೊಳ್ಳುವುದೆಂದರೇನು ಎಂಬುದನ್ನು ಪ್ಯಾರಿಸ್ಸಿನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ಇಬ್ಬರೂ 1961ರಲ್ಲಿ ಏಕಕೋಶಿಯಾದ ಬ್ಯಾಕ್ಟೀರಿಯವೊಂದರಲ್ಲಿ ವಿವರಿಸಿದರು: ಒಂದು ಜೀನಿನಿಂದ ಹುಟ್ಟಿದ ಪ್ರೋಟೀನು ಮತ್ತೊಂದು ಜೀನಿನ ಪಕ್ಕದ ಡಿಎನ್ಎ ಎಳೆಯ ಮೇಲೆ ಕುಳಿತು ಆ ಜೀನನ್ನು ಸುಮ್ಮನಿರಿಸಬಲ್ಲುದು. ಜೀನುಗಳಲ್ಲಿ ಕೆಲವು ದೇಹದ ದ್ರವ್ಯವನ್ನು ನಿರ್ಮಿಸುವುವು, ಕೆಲವು ಇತರ ಜೀನುಗಳನ್ನು ಆಳುವುವು ಎಂಬ ಈ ವಿವೇಕವು ದೊರೆತ ಮೇಲೆ, ಭ್ರೂಣವನ್ನು ಆಳುವ ಜೀನುಗಳು ಯಾವುವು ಎಂದು ಹುಡುಕುವುದು ಸಾಧ್ಯವಾಯಿತು. ಹುಡುಕಾಟವು ನಡೆದ ಸ್ಥಳ ಒಂದು ನೊಣದ ಮೊಟ್ಟೆ.

ಬಾಳೆಹಣ್ಣು ಅತಿಯಾಗಿ ಮಾಗಿ ಸಿಪ್ಪೆ ಕಪ್ಪಾದಾಗ ಅದರ ಸುತ್ತ ಸುಳಿಯುವ ಕೆಂಗಣ್ಣಿನ ಚಿಕ್ಕ ನೊಣವನ್ನು ಶ್ರೋತೃಗಳೆಲ್ಲರೂ ತಮ್ಮ ಅಡುಗೆಯ ಮನೆಯಲ್ಲಿ ಕಂಡಿರುತ್ತೀರಿ. ಡ್ರೊಸೊಫಿಲ ಎಂಬ ಹೆಸರಿನ ಈ ಹಣ್ಣುನೊಣದ ಒಂದು ಜಾತಿಯನ್ನು ಟಾಮಸ್ ಹಂಟ್ ಮಾರ್ಗನ್ 20ನೆಯ ಶತಮಾನದ ಆದಿಯಲ್ಲಿಯೇ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಸಾಕತೊಡಗಿದನು. ಇದರ ಮೊಟ್ಟೆಯ ಉದ್ದ ಅರ್ಧ ಮಿಲಿಮೀಟರು. ಇಟ್ಟ ಮೊಟ್ಟೆಯೊಳಗೆ ಕೋಶಕೇಂದ್ರವು ನಡುವೆ ಗೋಡೆಗಳೇ ಇಲ್ಲದೆ ಹದಿಮೂರು ಬಾರಿ ವಿಭಾಗವಾಗಿ, ಸುಮಾರು ಮೂರು ಗಂಟೆಗಳಲ್ಲಿ 6000ದಷ್ಟು ಕೋಶಗಳು ಹೊರಮೈಯಲ್ಲಿ ಒಂದು ಪದರವಾಗಿ ನಿಲ್ಲುತ್ತವೆ. ಒಂದು ದಿನ ಕಳೆಯುವಷ್ಟರಲ್ಲಿ ಮರಿಹುಳು ಹೊರಬಂದು ತೆವಳತೊಡಗುತ್ತದೆ. ಆ ಮರಿಹುಳುವಿನ ಹೊಟ್ಟೆಯ ಮೇಲೆ, ಎದೆಯ ಮೂರು ಖಂಡಗಳಿಗೂ ಉದರದ ಎಂಟು ಖಂಡಗಳಿಗೂ ಒಂದೊಂದರಂತೆ, ಅತಿ ಸಣ್ಣ ಮುಳ್ಳುಗಳ ಪಟ್ಟಿಗಳಿರುತ್ತವೆ. ಒಂದು ಪಟ್ಟಿಗೂ ಇನ್ನೊಂದಕ್ಕೂ ನಡುವೆ ನುಣುಪಾದ ಚರ್ಮ. ಸೂಕ್ಷ್ಮದರ್ಶಕದ ಕಪ್ಪು ಹಿನ್ನೆಲೆಯಲ್ಲಿ ಈ ಪಟ್ಟಿಗಳು ಬೆಳ್ಳಗೆ ಹೊಳೆಯುತ್ತವೆ. ನೋಡುವ ಕಣ್ಣಿಗೆ ದೇಹವಿನ್ಯಾಸವನ್ನು ಇಷ್ಟು ನಿಚ್ಚಳವಾಗಿ ಓದಿಸುವ ಜೀವಿ ಇನ್ನೊಂದುಂಟೋ ಇಲ್ಲವೋ.

1970ರ ದಶಕದ ಕೊನೆಯಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಯುರೋಪಿಯನ್ ಅಣುಜೀವವಿಜ್ಞಾನ ಪ್ರಯೋಗಾಲಯದಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್ ಎಂಬ ಇಬ್ಬರು ತರುಣ ವಿಜ್ಞಾನಿಗಳು ಕೈಗೊಂಡ ಕಾರ್ಯವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಆದರದಿಂದ ತುಂಬುತ್ತದೆ. ಗಂಡು ನೊಣಗಳಿಗೆ ಜೀನುಗಳನ್ನು ಕೆಡಿಸುವ ರಾಸಾಯನಿಕವನ್ನು ಸಕ್ಕರೆಯ ನೀರಿನೊಡನೆ ಕುಡಿಸಿ, ಅವುಗಳ ಸಂತತಿಯನ್ನು ಕುಲಕುಲವಾಗಿ ಬೇರ್ಪಡಿಸಿ ಸಾಕಿ, ಯಾವ ಕುಲದಲ್ಲಿ ಮೊಟ್ಟೆಗಳ ಕಾಲುಭಾಗ ಒಡೆಯದೆ ಸತ್ತುಹೋಗುವುದೋ ಆ ಕುಲದ ಸತ್ತ ಭ್ರೂಣಗಳನ್ನು ಹೆಕ್ಕಿ, ಇಬ್ಬರೂ ಒಟ್ಟಿಗೆ ನೋಡಲು ಅನುಕೂಲವಾದ ಜೋಡಿ ಸೂಕ್ಷ್ಮದರ್ಶಕದ ಎದುರುಬದುರಿಗೆ ಕುಳಿತು, ಒಂದೇ ಭ್ರೂಣವನ್ನು ನಾಲ್ಕು ಕಣ್ಣುಗಳಿಂದ ಪರೀಕ್ಷಿಸಿ, ಮುಳ್ಳಿನ ಪಟ್ಟಿಗಳು ಎಲ್ಲಿ ತಪ್ಪಿವೆಯೆಂದು ಅವರು ಚರ್ಚಿಸುತ್ತಿದ್ದರು. ಇಂತಹ ಕುಲಗಳು ಸಾವಿರಗಟ್ಟಲೆ. ಬದುಕಿರುವ ನೊಣದ ವೈಚಿತ್ರ್ಯವನ್ನು ಅರಸುವುದೇ ಅಂದಿನವರೆಗೆ ರೂಢಿಯಾಗಿದ್ದಿತು. ಹುಟ್ಟುವ ಮೊದಲೇ ಸತ್ತುಹೋದ ಭ್ರೂಣವು ತಾನು ಸತ್ತ ಕಾರಣವನ್ನು ತನ್ನ ಚರ್ಮದ ಮೇಲೆ ಹೊತ್ತಿರುತ್ತದೆ ಎಂಬುದನ್ನು ಕಂಡುಕೊಂಡದ್ದು ಇವರ ಹಿರಿಮೆ.

1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನವು ಖಂಡವಿನ್ಯಾಸವನ್ನಾಳುವ 15 ಜೀನುಗಳನ್ನು ಮೂರು ವರ್ಗಗಳಲ್ಲಿ ಹೆಸರಿಸಿತು. ಮೊದಲನೆಯ ವರ್ಗದ ಜೀನು ಕೆಟ್ಟಾಗ ಒಂದಕ್ಕೊಂದು ಅಂಟಿದ ಹಲವು ಖಂಡಗಳು ಒಟ್ಟಿಗೆ ಕಾಣೆಯಾಗುತ್ತಿದ್ದುವು. ಎರಡನೆಯ ವರ್ಗದ್ದು ಕೆಟ್ಟಾಗ ಒಂದು ಬಿಟ್ಟು ಒಂದರಂತೆ ಅರ್ಧದಷ್ಟು ಖಂಡಗಳು ಇಲ್ಲವಾಗುತ್ತಿದ್ದುವು. ಮೂರನೆಯದು ಕೆಟ್ಟರೆ ಖಂಡಗಳ ಸಂಖ್ಯೆಯು ಸರಿಯಾಗಿದ್ದೂ ಪ್ರತಿಯೊಂದರ ಒಳಗಣ ಕ್ರಮವು ಕದಡುತ್ತಿದ್ದಿತು. ಈ ಮೂರನೆಯ ವರ್ಗದಲ್ಲಿ ಹೆಡ್ಜ್‌ಹಾಗ್ ಎಂಬ ಜೀನೊಂದಿತ್ತು. ಅದು ಕೆಟ್ಟ ಭ್ರೂಣದಲ್ಲಿ ನುಣುಪಾದ ಚರ್ಮವೇ ಇಲ್ಲದೆ ಹೊಟ್ಟೆಯೆಲ್ಲ ಮುಳ್ಳುಮುಳ್ಳಾಗಿತ್ತು. ಅದರ ಮಾತನ್ನು ಮುಂದೆ ಹೇಳುವೆನು. ಮೊದಲು ಇಡೀ ದೇಹವನ್ನು ಅನುಕ್ರಮವಾಗಿ ಕೆಲವು ಭಾಗಗಳಾಗಿಯೂ, ಆ ಭಾಗಗಳನ್ನು ಖಂಡಗಳಾಗಿಯೂ, ಖಂಡವನ್ನು ಮುಂದು ಹಿಂದುಗಳಾಗಿಯೂ ವಿಭಜಿಸುವ ಈ ಸೋಪಾನವು ಅಂದು ಮೊದಲ ಬಾರಿಗೆ ಮನುಷ್ಯನ ಕಣ್ಣಿಗೆ ಬಿದ್ದಿತು.

ಸೋಪಾನದ ಮೊದಲ ಮೆಟ್ಟಿಲನ್ನು ಇಡುವವಳು ತಾಯಿ. ಬೈಕಾಯ್ಡ್ ಎಂಬ ಜೀನಿನ ಸಂದೇಶವನ್ನು, ಎಂದರೆ ಅದರ ಆರ್‌ಎನ್ಎ ಪ್ರತಿಯನ್ನು, ತಾಯಿ ನೊಣವು ಇನ್ನೂ ಫಲಿತವಾಗದ ತನ್ನ ಅಂಡದ ಒಂದು ತುದಿಯಲ್ಲಿ ಮಾತ್ರ ಇರಿಸಿರುತ್ತದೆ. ಮೊಟ್ಟೆಯಿಟ್ಟ ಮೇಲೆ ಆ ಸಂದೇಶದಿಂದ ಪ್ರೋಟೀನು ತಯಾರಾಗಿ, ಆ ತುದಿಯಲ್ಲಿ ಸಾಂದ್ರವಾಗಿಯೂ ಹಿಂದೆ ಹಿಂದೆ ಹೋದಂತೆ ವಿರಳವಾಗಿಯೂ ಹರಡಿಕೊಳ್ಳುತ್ತದೆ. ಅದರ ಪ್ರಮಾಣವು ಹೆಚ್ಚಿದ್ದಲ್ಲಿ ತಲೆಯೂ, ಸ್ವಲ್ಪ ಕಡಮೆಯಿದ್ದಲ್ಲಿ ಎದೆಯೂ ಆಗುವಂತೆ ಮುಂದಿನ ಜೀನುಗಳು ಎಚ್ಚರಗೊಳ್ಳುತ್ತವೆ. ತಾಯಿಯಲ್ಲಿ ಈ ಜೀನು ಕೆಟ್ಟಿದ್ದರೆ, ತಂದೆಯು ಒಳ್ಳೆಯ ಪ್ರತಿಯನ್ನು ಕೊಟ್ಟರೂ ಫಲವಿಲ್ಲ: ಭ್ರೂಣಕ್ಕೆ ತಲೆಯೂ ಎದೆಯೂ ಇಲ್ಲ, ತಲೆಯಿರಬೇಕಾದ ತುದಿಯಲ್ಲಿ ಇನ್ನೊಂದು ಬಾಲದ ತುದಿ ಮೂಡುತ್ತದೆ. ಅಂತಹ ಅಂಡದ ಮುಂತುದಿಗೆ ಆರೋಗ್ಯವಂತ ಅಂಡದ ಮುಂತುದಿಯಿಂದ ಸೂಜಿಯಲ್ಲಿ ಹೀರಿದ ಒಂದಿಷ್ಟು ಜೀವರಸವನ್ನು ಚುಚ್ಚಿದರೆ ತಲೆಯು ಮರಳಿ ಬರುತ್ತದೆ. ಅದೇ ರಸವನ್ನು ಅಂಡದ ನಡುವೆ ಚುಚ್ಚಿದರೆ ತಲೆಯು ನಡುವೆಯೇ ಮೂಡುತ್ತದೆ! ಈ ಪ್ರೋಟೀನು ಮುಂದಿನಿಂದ ಹಿಂದಕ್ಕೆ ಇಳಿಯುತ್ತ ಹೋಗುವ ಪರಿಯನ್ನು 1988ರಲ್ಲಿ ವೋಲ್ಫ್‌ಗಾಂಗ್ ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್‌ಹಾರ್ಡ್ ಅಳೆದು ತೋರಿಸಿದರು. ಮಗುವಿನ ಮುಂದು ಹಿಂದುಗಳನ್ನು ಮಗುವಿನ ಸ್ವಂತ ಜೀನುಗಳು ಎಚ್ಚರಗೊಳ್ಳುವುದಕ್ಕೂ ಮೊದಲೇ ತಾಯಿಯು ಗೊತ್ತುಮಾಡಿ ಕಳುಹಿಸಿರುತ್ತಾಳೆಂಬ ಸಂಗತಿಯನ್ನು ತಿಳಿದಂದಿನಿಂದ, ಆ ಚಿಕ್ಕ ನೊಣವನ್ನು ಕೈಬೀಸಿ ಓಡಿಸುವಾಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ.

ಇಲ್ಲಿಂದ ಮುಂದಿನ ಮೆಟ್ಟಿಲನ್ನು ಕೊಂಚ ಹತ್ತಿರದಿಂದ ನೋಡೋಣ. ಏಕೆಂದರೆ ನಾನು ಇಂದು ಹೇಳಬೇಕೆಂದಿರುವ ಮುಖ್ಯ ಮಾತು ಇದರಲ್ಲಿದೆ. ಎರಡನೆಯ ವರ್ಗದ ಜೀನುಗಳಲ್ಲೊಂದು ಭ್ರೂಣದ ಸುತ್ತ ಏಳು ಪಟ್ಟೆಗಳಲ್ಲಿ ಎಚ್ಚರಗೊಳ್ಳುತ್ತದೆ, ನಡುನಡುವಣ ಕೋಶಗಳಲ್ಲಿ ಮಲಗಿರುತ್ತದೆ. ಈ ಪಟ್ಟೆಗಳು ಸಮಾಂತರದಲ್ಲಿ ಎಷ್ಟು ಒಪ್ಪವಾಗಿ ನಿಂತಿರುತ್ತವೆಯೆಂದರೆ, ಒಂದೇ ನಿಯಮವು ಏಳು ಬಾರಿ ಆವೃತ್ತಿಯಾಗಿ ಅವು ಹುಟ್ಟಿದುವೆಂದು ಗಣಿತಜ್ಞರು ಊಹಿಸಿದುದು ಸಹಜವೇ ಆಗಿದ್ದಿತು. ಆದರೆ 1990ರ ಸುಮಾರಿಗೆ ಮೈಕೆಲ್ ಲೆವೀನ್ ಮತ್ತು ಸಹಕಾರಿಗಳು ಎರಡನೆಯ ಪಟ್ಟೆಯನ್ನು ಪ್ರತ್ಯೇಕವಾಗಿ ಶೋಧಿಸಿದಾಗ ಬೇರೆಯೇ ಚಿತ್ರವು ಹೊರಬಿದ್ದಿತು. ಆ ಜೀನಿನ ಪಕ್ಕದಲ್ಲಿ ಡಿಎನ್ಎಯ ಸುಮಾರು 480 ಅಕ್ಷರಗಳಷ್ಟು ಉದ್ದದ ತುಣುಕೊಂದು ಎರಡನೆಯ ಪಟ್ಟೆಗೆಂದೇ ಮೀಸಲಾಗಿದೆ. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಎಂಬ ಎರಡು ಪ್ರೋಟೀನುಗಳು ಅದರ ಮೇಲೆ ಕುಳಿತು ಜೀನನ್ನು ಎಬ್ಬಿಸುತ್ತವೆ. ಜಯಂಟ್ ಎಂಬುದು ಮುಂದಿನ ಎಲ್ಲೆಯಲ್ಲಿಯೂ ಕ್ರುಪೆಲ್ ಎಂಬುದು ಹಿಂದಿನ ಎಲ್ಲೆಯಲ್ಲಿಯೂ ಅದನ್ನು ಅಡಗಿಸುತ್ತವೆ. ಎಬ್ಬಿಸುವವು ಸಾಕಷ್ಟಿದ್ದು ಅಡಗಿಸುವವು ಎರಡೂ ಇಲ್ಲದ ಕೆಲವೇ ಕೋಶಗಳ ಸುತ್ತಳತೆಯಲ್ಲಿ ಜೀನು ಎಚ್ಚರಗೊಳ್ಳುತ್ತದೆ. ನಮಗೆ ಪಟ್ಟೆಯಾಗಿ ಕಾಣುವುದು ಅದೇ. ಬೇರೆ ಪಟ್ಟೆಗಳಿಗೆ ಬೇರೆ ತುಣುಕುಗಳು, ಬೇರೆ ನಿಯಮಗಳು.

ಪಟ್ಟೆಯ ಕೋಶಕ್ಕೆ ತಾನು ಪಟ್ಟೆಯಲ್ಲಿರುವೆನೆಂಬ ಅರಿವಿಲ್ಲ. ತನ್ನ ಕೇಂದ್ರದೊಳಗೆ ಈ ಕ್ಷಣದಲ್ಲಿ ಯಾವ ಪ್ರೋಟೀನು ಎಷ್ಟಿದೆಯೆಂಬುದಷ್ಟೇ ಅದಕ್ಕೆ ಮುಟ್ಟುವ ವಿಷಯ. ಜೀನುಗಳಲ್ಲಿ ದೇಹದ ನಕ್ಷೆಯಿದೆ ಎಂಬ ಮಾತನ್ನು ನಾವು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಮನೆಯ ನಕ್ಷೆಯಲ್ಲಿ ಬಾಗಿಲನ್ನು ಬರೆದಿರುವಂತೆ ನೊಣದ ಜೀನುಗಳಲ್ಲಿ ಎಲ್ಲಿಯೂ ಕಾಲನ್ನಾಗಲಿ ಪಟ್ಟೆಯನ್ನಾಗಲಿ ಬರೆದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿರುವುದು ‘ಇದಿದ್ದರೆ ಏಳು, ಅದಿದ್ದರೆ ಮಲಗು’ ಎಂಬ ಸಣ್ಣ ಸಣ್ಣ ನಿಬಂಧನೆಗಳು ಮಾತ್ರ. ಪ್ರತಿಯೊಂದು ಕೋಶವೂ ತನ್ನ ನೆರೆಯಲ್ಲಿ ಕಂಡುದಕ್ಕೆ ಉತ್ತರ ಕೊಡುತ್ತದೆ, ಆ ಉತ್ತರವು ನೆರೆಯ ಕೋಶಕ್ಕೆ ಹೊಸ ಪ್ರಶ್ನೆಯಾಗುತ್ತದೆ. ಇಂತು ಸಾವಿರಾರು ಕೋಶಗಳು ಇಡೀ ದೇಹದ ಕಲ್ಪನೆಯೇ ಇಲ್ಲದೆ ಕೊಟ್ಟ ಉತ್ತರಗಳಿಂದ ಒಂದು ಇಡೀ ದೇಹವು ಏರ್ಪಡುತ್ತದೆ. ಈ ಸಂಗತಿಯನ್ನು ಎಷ್ಟು ಬಾರಿ ಮನನಮಾಡಿದರೂ ನನಗೆ ಹಳತಾಗಿಲ್ಲ.

ಖಂಡಗಳು ಏರ್ಪಟ್ಟ ಮೇಲೆ ಯಾವ ಖಂಡದಲ್ಲಿ ರೆಕ್ಕೆ, ಯಾವುದರಲ್ಲಿ ಕಾಲು ಎಂಬುದು ತೀರ್ಮಾನವಾಗಬೇಕಷ್ಟೆ. ನೊಣಕ್ಕೆ ಎರಡೇ ರೆಕ್ಕೆಗಳು. ಅವುಗಳ ಹಿಂದಿನ ಖಂಡದಲ್ಲಿ ಹಾರಾಟದ ಸಮತೋಲನಕ್ಕೆ ನೆರವಾಗುವ, ಗುಂಡುತಲೆಯ ಕಿರುಕಡ್ಡಿಯಂತಿರುವ ಹಾಲ್ಟೀರ್ ಎಂಬ ಅಂಗಗಳಿವೆ. ಈ ಅಂಗವು ಭಾಗಶಃ ರೆಕ್ಕೆಯ ರೂಪವನ್ನು ತಾಳಿದ ನೊಣವೊಂದನ್ನು ಕ್ಯಾಲ್ವಿನ್ ಬ್ರಿಜಸ್ 1915ರಲ್ಲಿಯೇ ಕಂಡಿದ್ದನು. ಕ್ಯಾಲಿಫೋರ್ನಿಯದ ಪ್ಯಾಸಡೀನದಲ್ಲಿ ಎಡ್ವರ್ಡ್ ಲೂಯಿಸ್ ದಶಕಗಳ ಕಾಲ ಈ ಮಾರ್ಪಾಡಿಗೆ ಕಾರಣವಾದ ಬೈಥೊರಾಕ್ಸ್ ಎಂಬ ಜೀನುಗಳ ಬೆನ್ನು ಹತ್ತಿ, ಹಲವು ಉತ್ಪರಿವರ್ತನೆಗಳನ್ನು ಒಂದೇ ನೊಣದಲ್ಲಿ ಕೂಡಿಸಿ, ನಾಲ್ಕು ಪೂರ್ಣ ರೆಕ್ಕೆಗಳುಳ್ಳ ನೊಣವನ್ನೇ ಪಡೆದನು. ಈ ಜೀನುಗಳು ವರ್ಣತಂತುವಿನ ಮೇಲೆ ಕುಳಿತಿರುವ ಅನುಕ್ರಮವೂ ಅವು ಆಳುವ ಖಂಡಗಳು ದೇಹದಲ್ಲಿರುವ ಅನುಕ್ರಮವೂ ಒಂದೇ ಎಂಬ ಆಶ್ಚರ್ಯಕರವಾದ ಸಂಬಂಧವನ್ನು ಅವನ 1978ರ ಲೇಖನವು ಮುಂದಿಟ್ಟಿತು. ಲೂಯಿಸ್, ನ್ಯೂಸ್ಲೈನ್-ಫೋಲ್‌ಹಾರ್ಡ್, ವೀಶಾಸ್ ಮೂವರಿಗೂ 1995ರ ನೊಬೆಲ್ ಪಾರಿತೋಷಕವು ಸಂದಿತು. ರೆಕ್ಕೆಯಾಗಬಹುದಾದುದನ್ನು ಹಾಲ್ಟೀರಾಗಿಸುವ ಈ ಜೀನು ತನ್ನ ಕೈಕೆಳಗಿನ ಯಾವ ಯಾವ ಜೀನುಗಳನ್ನು ತಡೆಯುತ್ತದೆಯೆಂಬುದನ್ನು ನಮ್ಮ ದೇಶದಲ್ಲಿಯೂ, ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ, ಎಲ್. ಎಸ್. ಶಶಿಧರ ಅವರೂ ಅವರ ಶಿಷ್ಯರೂ ಬಹುಕಾಲ ಅಭ್ಯಾಸಮಾಡಿದ್ದಾರೆ.

ನೊಣದ ವಿಚಾರವು ನೊಣಕ್ಕೆ ಮುಗಿಯಲಿಲ್ಲ. ಸ್ವಿಟ್ಸರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗನ ಪ್ರಯೋಗಾಲಯದಲ್ಲಿಯೂ, ಅದೇ ವೇಳೆಗೆ ಅಮೆರಿಕದಲ್ಲಿಯೂ, ಇಂತಹ ಜೀನುಗಳೆಲ್ಲಕ್ಕೂ ಸಾಮಾನ್ಯವಾದ 180 ಅಕ್ಷರಗಳ ಒಂದು ಭಾಗವಿದೆಯೆಂದು 1984ರ ಹೊತ್ತಿಗೆ ಗೊತ್ತಾಯಿತು, ಹೋಮಿಯೋಬಾಕ್ಸ್ ಎಂದು ಕರೆಯಲಾದ ಆ ಭಾಗವನ್ನು ಕಪ್ಪೆಯಲ್ಲಿ ಹುಡುಕಿದರು, ಇತ್ತು, ಇಲಿಯಲ್ಲಿ ಹುಡುಕಿದರು, ಇತ್ತು, ಮನುಷ್ಯನಲ್ಲಿಯೂ ಇತ್ತು. ನಮ್ಮಲ್ಲಿ ಈ ಬಗೆಯ 39 ಜೀನುಗಳು ನಾಲ್ಕು ಗುಂಪುಗಳಾಗಿ, ನೊಣದಲ್ಲಿರುವ ಕ್ರಮದಲ್ಲಿಯೇ ಸಾಲುಗೂಡಿವೆ. 1995ರಲ್ಲಿ ಗೇರಿಂಗನ ಸಹಕಾರಿಗಳು ಕಣ್ಣಿನ ರಚನೆಯನ್ನು ಆರಂಭಿಸುವ ಜೀನನ್ನು ನೊಣದ ಕಾಲಿನಲ್ಲಿಯೂ ರೆಕ್ಕೆಯಲ್ಲಿಯೂ ಎಬ್ಬಿಸಿದಾಗ ಆ ಸ್ಥಳಗಳಲ್ಲಿ ಕೆಂಪು ಕಣ್ಣುಗಳು ಮೂಡಿದುವು. ನೊಣದ ಜೀನಿಗೆ ಬದಲಾಗಿ ಅದಕ್ಕೆ ಸಂವಾದಿಯಾದ ಇಲಿಯ ಜೀನನ್ನು ಇಟ್ಟರೂ ಕಣ್ಣು ಮೂಡಿತು. ಮೂಡಿದುದು ಇಲಿಯ ಕಣ್ಣಲ್ಲ, ನೊಣದ ಕಣ್ಣು: ಆಜ್ಞೆಯು ಇಲಿಯದು, ಅದಕ್ಕೆ ಉತ್ತರ ಕೊಟ್ಟ ಕೋಶಗಳು ನೊಣದವು.

ಇನ್ನು ಮುಳ್ಳುಹೊಟ್ಟೆಯ ಭ್ರೂಣವನ್ನು ಕುರಿತು. ಹೆಡ್ಜ್‌ಹಾಗ್ ಜೀನು ತಯಾರಿಸುವ ಪ್ರೋಟೀನು ಕೋಶದಿಂದ ಹೊರಬಂದು ನೆರೆಯ ಕೋಶಗಳನ್ನು ಮುಟ್ಟುವ ಸಂಕೇತವೆಂದು ತಿಳಿದುಬಂದ ಮೇಲೆ, 1993ರಲ್ಲಿ ಅದರ ಬಂಧುಗಳು ಕೋಳಿ, ಮೀನು, ಇಲಿಗಳಲ್ಲಿಯೂ ದೊರೆತುವು. ಕೋಳಿಯ ಭ್ರೂಣದಲ್ಲಿ ರೆಕ್ಕೆಯ ಮೊಳಕೆಯ ಹಿಂಬದಿಯ ಅಂಚಿನಿಂದ ಹೊರಡುವ ಈ ಸಂಕೇತವೇ ಬೆರಳುಗಳ ಅನುಕ್ರಮವನ್ನು ಗೊತ್ತುಮಾಡುತ್ತದೆ. ಅದನ್ನು ಮುಂಬದಿಯ ಅಂಚಿನಲ್ಲಿಯೂ ಹೊರಡಿಸಿದರೆ ಕನ್ನಡಿಯಲ್ಲಿ ಕಂಡಂತೆ ಬೆರಳುಗಳ ಎರಡನೆಯ ಸಾಲು ಮೂಡುತ್ತದೆ. ನಮ್ಮ ಕೈಯಲ್ಲಿ ಕಿರುಬೆರಳು ಕಿರುಬೆರಳಾಗಿಯೂ ಹೆಬ್ಬೆರಳು ಹೆಬ್ಬೆರಳಾಗಿಯೂ ಬೆಳೆದುದರಲ್ಲಿ ಅದರ ಪಾಲು ದೊಡ್ಡದು. ಭ್ರೂಣದ ತಲೆಯು ಎಡಬಲಗಳಾಗಿ ಬೇರ್ಪಡುವುದಕ್ಕೂ ಅದೇ ಬೇಕು. ಈ ಜೀನಿಲ್ಲದ ಇಲಿಮರಿಯ ಭ್ರೂಣದಲ್ಲಿ ಮುಖದ ನಡುವೆ ಒಂದೇ ಕಣ್ಣು ಮೂಡುವುದೆಂದು 1996ರಲ್ಲಿ ಕಂಡುಬಂದಿತು.

ಒಕ್ಕಣ್ಣಿನ ಮರಿಗಳನ್ನು ಅಮೆರಿಕದ ಐಡಹೊ ಪ್ರಾಂತದ ಕುರಿಗಾಹಿಗಳು ಅದಕ್ಕೂ ಬಹಳ ಮೊದಲೇ ಕಂಡಿದ್ದರು. 1950ರ ದಶಕದಲ್ಲಿ ಅಲ್ಲಿನ ಬೆಟ್ಟದ ಹುಲ್ಲುಗಾವಲುಗಳಲ್ಲಿ ಮೇದ ಕುರಿಗಳು ಇಂತಹ ಮರಿಗಳನ್ನು ಈಯುತ್ತಿದ್ದುದನ್ನು ಕುರಿತು ಕೃಷಿ ಇಲಾಖೆಯ ವಿಜ್ಞಾನಿಗಳು ವರ್ಷಗಟ್ಟಲೆ ಶೋಧಿಸಿ, ಗರ್ಭಧಾರಣೆಯ ಹದಿನಾಲ್ಕನೆಯ ದಿನದ ಸುಮಾರಿನಲ್ಲಿ ವೆರಾಟ್ರಮ್ ಎಂಬ ಕಾಡುಗಿಡವನ್ನು ತಿಂದ ಕುರಿಗಳಲ್ಲಿಯೇ ಹೀಗಾಗುವುದೆಂದು ನಿರ್ಧರಿಸಿದರು. ಆ ಗಿಡದಲ್ಲಿರುವ ವಿಷವನ್ನೂ ಬೇರ್ಪಡಿಸಿದರು. ಆ ವಿಷವು ಹೆಡ್ಜ್‌ಹಾಗ್ ಸಂಕೇತವು ಕೋಶದೊಳಗೆ ಮುಂದುವರಿಯದಂತೆ ತಡೆಯುತ್ತದೆಯೆಂದು 1998ರಲ್ಲಿ ಗೊತ್ತಾದಾಗ ಕುರಿದೊಡ್ಡಿಯೂ ನೊಣದ ಬಾಟಲಿಯೂ ಒಂದೇ ವಿಷಯದ ಎರಡು ಕೊನೆಗಳಾಗಿದ್ದುವು. ಅಷ್ಟರಲ್ಲಿ ವೈದ್ಯರು, ಚರ್ಮದ ಒಂದು ಬಗೆಯ ಕ್ಯಾನ್ಸರಿನಲ್ಲಿ ಇದೇ ಸಂಕೇತದ ಹಾದಿಯು ಯಾರೂ ಕರೆಯದೆ ತಾನಾಗಿ ತೆರೆದಿರುವುದನ್ನು ಗುರುತಿಸಿದ್ದರು. ಭ್ರೂಣದಲ್ಲಿ ಬೆಳೆಯಿರೆಂದು ಹೇಳಿ ಕಾಲಬಂದಾಗ ಸುಮ್ಮನಾಗಬೇಕಾದ ಆಜ್ಞೆಯು ಮುದಿ ಚರ್ಮದಲ್ಲಿ ಸುಮ್ಮನಾಗದಿದ್ದರೆ ಆಗುವ ಬೆಳವಣಿಗೆ ಅದು. ಈ ಹಾದಿಯನ್ನು ಮುಚ್ಚುವ ವಿಸ್ಮೋಡೆಜಿಬ್ ಎಂಬ ಔಷಧಕ್ಕೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಗರ್ಭಿಣಿಯರು ಇದನ್ನು ಸೇವಿಸಲೇಕೂಡದೆಂಬ ಕಟ್ಟುನಿಟ್ಟಾದ ಎಚ್ಚರಿಕೆಯನ್ನು ಅದರ ಪೊಟ್ಟಣದ ಮೇಲೆ ಮುದ್ರಿಸಿರುತ್ತಾರೆ.